‘ರನ್’ ಅಂದ ಕೂಡಲೇ ಓಡಬೇಡಿ

ಇಂಗ್ಲಿಷಿನಲ್ಲಿ ಜಾಸ್ತಿ ಅರ್ಥಗಳಿರುವುದು ಗಟ್ಟಿ ಪದಗಳಿಗಲ್ಲ, ಪುಟಾಣಿ ಪದಗಳಿಗೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಕ್ರಿಯಾಪದಕ್ಕೆ 430 ಅರ್ಥಗಳಿದ್ದವು. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥಗಳೊಡನೆ ಅದನ್ನು ಹಿಂದೆ ಹಾಕಿತು. ಇಷ್ಟನ್ನೂ ಬಾಯಿಪಾಠ ಮಾಡುವ ಹುಚ್ಚು ಬೇಡ. ಓದುವಾಗ ‘ರನ್’ ಎದುರಾದರೆ ಹೀಗೆ ಮಾಡಿ.

ಮೊದಲು ನಮ್ಮ ‘ಓಡು’ ಹಾಕಿ ನೋಡಿ. ಅದೇನು ಕಡಿಮೆಯದಲ್ಲ. ಸಿನಿಮಾ ನೂರು ದಿನ ಓಡುತ್ತದೆ, ಗಡಿಯಾರ ಓಡುತ್ತದೆ, ಹೋಟೆಲ್ ಚೆನ್ನಾಗಿ ಓಡ್ತಿದೆ ಅಂತೀವಿ, ಅಲ್ವಾ? ಇಂಥ ಕಡೆ ಎರಡೂ ಭಾಷೆ ಜೊತೆಯಾಗಿ ಓಡುತ್ತವೆ.

ಹೊಂದದಿದ್ದರೆ ‘ರನ್’ಗೆ ಮುಂಚೆ ಏನಿದೆ ನೋಡಿ. ಮೂಗು ಇದ್ದರೆ ಸೋರುತ್ತಿದೆ. ನದಿ ಇದ್ದರೆ ಹರಿಯುತ್ತಿದೆ. ರಸ್ತೆ ಇದ್ದರೆ ಹಾದುಹೋಗುತ್ತಿದೆ. ಒಗೆಯಲು ಹಾಕಿದ ಹೊಸ ಬಟ್ಟೆಯ ಬಣ್ಣದ ಮಾತಾದರೆ, ಬಕೆಟ್‌ನಿಂದ ಬೇಗ ತೆಗೆಯಿರಿ, ಬಣ್ಣ ಬಿಡುತ್ತಿದೆ!

ಆಮೇಲೆ ‘ರನ್’ ಆದ ಮೇಲೆ ಏನಿದೆ ನೋಡಿ. ಹೆಚ್ಚು ಜನ ಎಡವುವುದು ಇಲ್ಲೇ. ‘ಶಿ ರನ್ಸ್ ಎ ಸ್ಕೂಲ್’ ಅಂದರೆ ಆಕೆ ಶಾಲೆ ನಡೆಸುತ್ತಾರೆ. ‘ಶಿ ರನ್ಸ್ ಟು ಸ್ಕೂಲ್’ ಅಂದರೆ ಶಾಲೆಗೆ ಓಡುತ್ತಾಳೆ. ನಡುವಿನ ಒಂದು ಸಣ್ಣ ಪದ ಬದಲಾದರೆ ಹೆಡ್‌ಮಿಸ್ ಹೋಗಿ ಹುಡುಗಿ ಬರುತ್ತಾಳೆ. ‘ರನ್ ಎ ಫೀವರ್’ ಅಂದರೆ ಜ್ವರ ಬಂದಿರುವುದು. ‘ರನ್ ಎ ರೆಡ್ ಲೈಟ್’ ಅಂದರೆ ನಾವು ಸಿಗ್ನಲ್ ಜಂಪ್ ಮಾಡೋದು ಅಂತೀವಲ್ಲ, ಅದೇ.

ಇನ್ನು ಬಾಲಗಳು. ‘ರನ್ ಔಟ್’ ಅಂದರೆ ನಮಗೆಲ್ಲ ಕ್ರಿಕೆಟ್. ಆದರೆ ‘ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್’ ಅಂದರೆ ಮನೇಲಿ ಹಾಲು ಖಾಲಿ. ಗೆಳೆಯನಿಗೆ ‘ರನ್ ಇಂಟು’ ಆದರೆ ಅವನು ದಾರಿಯಲ್ಲಿ ಅಚಾನಕ್ಕಾಗಿ ಸಿಕ್ಕ. ಕಾರು ಗೋಡೆಗೆ ‘ರನ್ ಇಂಟು’ ಆದರೆ ಡಿಕ್ಕಿ. ಬಾಲವನ್ನು ಬಿಡಿಸಿ ಅರ್ಥ ಹುಡುಕಬೇಡಿ, ಎರಡನ್ನೂ ಒಂದೇ ಪದ ಅಂದುಕೊಳ್ಳಿ.

ಕೊನೆಗೆ ನಿಘಂಟು. ಯಾವ ನಿಘಂಟು ಅನ್ನುವುದೂ ಮುಖ್ಯ. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟು ಪದದ ಇತಿಹಾಸ ಹೇಳುವಂಥದ್ದು. ಹಳೆಯ ಅರ್ಥ ಮೊದಲು ಬರುತ್ತದೆ, ನಿಮಗೆ ಬೇಕಾದದ್ದು ಎಲ್ಲೋ ಕೆಳಗಿರುತ್ತದೆ. ಕಲಿಯುವವರಿಗೆಂದೇ ಮಾಡಿದ ನಿಘಂಟುಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಬಳಕೆಯ ಅರ್ಥ ಮೇಲಿರುತ್ತದೆ. ಅದನ್ನೇ ತೆಗೆದುಕೊಳ್ಳಿ. ಮೊದಲ ಅರ್ಥಕ್ಕೇ ನಿಲ್ಲದೆ ಕೆಳಗಿನ ಉದಾಹರಣೆ ವಾಕ್ಯಗಳ ಮೇಲೆ ಕಣ್ಣಾಡಿಸಿ. ನಿಮ್ಮ ವಾಕ್ಯದ ಹಾಗೆ ಕಾಣುವುದೊಂದು ಸಿಕ್ಕರೆ ಕೆಲಸ ಮುಗಿಯಿತು.

‘ರನ್’ ಕ್ರಿಯಾಪದವೋ ನಾಮಪದವೋ ಅನ್ನುವುದನ್ನೂ ಗಮನಿಸಿ. ಕ್ರೀಡಾ ಪುಟದಲ್ಲಿ ‘ರನ್’ ಬಂದರೆ ಖುಷಿ. ವಾಣಿಜ್ಯ ಪುಟದಲ್ಲಿ ‘ಎ ರನ್ ಆನ್ ದ ಬ್ಯಾಂಕ್’ ಅಂತ ಇದ್ದರೆ, ಜನ ಭಯಬಿದ್ದು ಒಟ್ಟಿಗೇ ಠೇವಣಿ ವಾಪಸ್ ತೆಗೆಯೋಕೆ ಬ್ಯಾಂಕಿಗೆ ಮುಗಿಬಿದ್ದಿದ್ದಾರೆ ಅಂತ.