ಮಂಡಿ ನೋವಿನ ಅಮ್ಮನ ಜೊತೆ ವೆನಿಸ್ ಸುತ್ತಿದ್ದು ಹೀಗೆ

ಅಮ್ಮನಿಗೆ ಮಂಡಿ ನೋವು. ವೆನಿಸ್ ನೋಡಬೇಕು ಅನ್ನುವ ಆಸೆ ಬಹಳ ವರ್ಷದ್ದು. ಕಾಲುವೆಗಳ ಆ ಊರಿನೊಳಗೆ ಕಾರಿಲ್ಲ, ಆಟೋ ಇಲ್ಲ, ಸೈಕಲ್ ಕೂಡ ಓಡಿಸುವಂತಿಲ್ಲ. ಇರುವುದು 400ಕ್ಕೂ ಹೆಚ್ಚು ಸೇತುವೆಗಳು, ಹೆಚ್ಚುಕಡಿಮೆ ಎಲ್ಲಕ್ಕೂ ಮೆಟ್ಟಿಲು. ಹಾಗಾಗಿ ಯಾವ ಜಾಗಕ್ಕೆ ಎಷ್ಟು ದೂರ ಅನ್ನುವುದನ್ನು ಬಿಟ್ಟು, ಮಧ್ಯೆ ಎಷ್ಟು ಸೇತುವೆ ಬರುತ್ತದೆ ಅಂತ ನಕ್ಷೆ ಇಟ್ಟುಕೊಂಡು ಎಣಿಸುತ್ತಾ ಕೂತೆ. ಇಡೀ ಪ್ರವಾಸ ಈ ಲೆಕ್ಕದ ಮೇಲೆಯೇ ನಡೆಯಿತು.

ಮೊದಲು ರೂಮು. ಸಾಂತಾ ಲೂಚಿಯಾ ರೈಲ್ವೆ ಸ್ಟೇಷನ್ನಿಂದ ಹೊರಗೆ ಬಂದು ಎಡಕ್ಕೆ ತಿರುಗಿದರೆ ಲಿಸ್ತಾ ದಿ ಸ್ಪಾನ್ಯಾ ಅನ್ನುವ ಬೀದಿ. ಒಂದೂ ಸೇತುವೆ ದಾಟದೆ ಸೂಟ್‌ಕೇಸ್ ಎಳೆದುಕೊಂಡು ಹೋಗಬಹುದು. ಅಲ್ಲೇ, ಲಿಫ್ಟ್ ಇರುವ ಹೋಟೆಲ್ ಹುಡುಕಿದೆ. ಲಗೂನಿನ, ಅಂದರೆ ಊರನ್ನು ಸುತ್ತುವರಿದ ಹಿನ್ನೀರಿನ, ಆಚೆ ದಡದ ಮೇಸ್ತ್ರೆಯಲ್ಲಿ ರೂಮು ಅಗ್ಗ, ನಿಜ. ಆದರೆ ವಯಸ್ಸಾದವರಿಗೆ ಮಧ್ಯಾಹ್ನ ಬಂದು ಒಂದು ಗಂಟೆ ಕಾಲು ಚಾಚಿ ಮಲಗೋಕೆ ಹತ್ತಿರದಲ್ಲೇ ರೂಮಿರಬೇಕು. ಅದಕ್ಕೆ ಕೊಟ್ಟ ಜಾಸ್ತಿ ದುಡ್ಡು ದಂಡ ಅಂತ ನನಗೆ ಒಮ್ಮೆಯೂ ಅನ್ನಿಸಲಿಲ್ಲ.

ಊರೊಳಗಿನ ಓಡಾಟಕ್ಕೆ ವಪೊರೆತ್ತೊ, ಅಂದರೆ ನೀರಿನ ಮೇಲಿನ ಸಿಟಿ ಬಸ್ಸು. ನಾವು ಹೋದಾಗ 75 ನಿಮಿಷದ ಒಂದು ಟಿಕೆಟ್‌ಗೆ 9.50 ಯೂರೋ, 72 ಗಂಟೆಯ ಪಾಸಿಗೆ 45 ಯೂರೋ ಇತ್ತು. ಐದು ಸಲ ಹತ್ತಿದರೆ ಪಾಸಿನ ದುಡ್ಡು ಬಂದ ಹಾಗೆ, ಮಂಡಿ ನೋವಿರುವವರು ಅಷ್ಟು ಸಲ ಹತ್ತೇ ಹತ್ತುತ್ತಾರೆ. ಪ್ರತಿ ಸಲ ಹತ್ತುವ ಮುಂಚೆ ಕಟ್ಟೆಯಲ್ಲಿರುವ ಯಂತ್ರಕ್ಕೆ ಪಾಸು ತಾಗಿಸಬೇಕು. ಆ ಕಟ್ಟೆ ನೀರಿನ ಮೇಲೆ ತೇಲುತ್ತಿರುತ್ತದೆ, ಸ್ವಲ್ಪ ತೂಗಾಡುತ್ತದೆ. ದೋಣಿ ಬಂದು ತಾಗಿದ ಕೂಡಲೇ ಸಿಬ್ಬಂದಿ ದಪ್ಪ ಹಗ್ಗವನ್ನು ಕಂಬಕ್ಕೆ ಸುತ್ತಿ ಬಿಗಿಯುತ್ತಾರೆ, ಹಗ್ಗ ಕಿರ್ ಅನ್ನುತ್ತದೆ, ಆಮೇಲೆ ಗೇಟು ಸರಿಸುತ್ತಾರೆ. ಇಳಿಯುವವರು ಇಳಿದ ಮೇಲೆಯೇ ಹತ್ತುವುದು. ಅಮ್ಮ ಎರಡನೇ ಸಲಕ್ಕೇ ಇದನ್ನು ಕಲಿತು, ಹಗ್ಗ ಬಿಗಿಯುವ ತನಕ ನನ್ನ ಕೈ ಹಿಡಿದು ನಿಂತಿರುತ್ತಿದ್ದರು.

ಊರಿನ ದೊಡ್ಡ ಕಾಲುವೆ ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ಹೋಗುವುದು 1ನೇ ನಂಬರ್ ಮತ್ತು 2ನೇ ನಂಬರ್. 2 ಬೇಗ ಹೋಗುತ್ತದೆ, 1 ಆ ದಡ ಈ ದಡ ಅಂತ ಎಲ್ಲ ಕಡೆ ನಿಲ್ಲುತ್ತದೆ. ನಮಗೆ ಬೇಕಾಗಿದ್ದು 1. ಇನ್ನೊಂದು ದಡಕ್ಕೆ ಹೋಗಬೇಕಾದರೆ ಸೇತುವೆ ಹತ್ತುವ ಬದಲು ಒಂದು ಸ್ಟಾಪ್ ದೋಣಿಯಲ್ಲಿ ಹೋದರೆ ಸಾಕು. ಈ ಕೆನಾಲಿಗೆ ಇರುವುದೇ ನಾಲ್ಕು ಸೇತುವೆ, ಹಾಗಾಗಿ ಈ ಉಪಾಯ ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ.

ಎಲ್ಲಿ ಇಳಿಯುತ್ತೀರಿ ಅನ್ನುವುದು ತುಂಬಾ ಮುಖ್ಯ. ಸಾನ್ ಮಾರ್ಕೊ ಚೌಕಕ್ಕೆ ಜನ ಸಾನ್ ಜಕರಿಯಾ ಸ್ಟಾಪಿನಲ್ಲಿ ಇಳಿಯುತ್ತಾರೆ. ಅಲ್ಲಿಂದ ಚೌಕಕ್ಕೆ ಮೆಟ್ಟಿಲು ಹತ್ತಲೇಬೇಕು, ಅದೂ ನಿಟ್ಟುಸಿರಿನ ಸೇತುವೆಯ (ಬ್ರಿಜ್ ಆಫ್ ಸೈಸ್) ಫೋಟೋ ತೆಗೆಯುವವರ ಗುಂಪಿನ ನಡುವೆ. ಅದಕ್ಕೆ ಮುಂಚೆ ಸಿಗುವ ವಲ್ಲಾರೆಸ್ಸೊ ಸ್ಟಾಪಿನಲ್ಲಿ ಇಳಿದು ಗಲ್ಲಿಯೊಳಗೆ ನೇರ ನಡೆದು ಬಲಕ್ಕೆ ತಿರುಗಿದರೆ ಒಂದೂ ಸೇತುವೆ ಇಲ್ಲದೆ ಚೌಕ ಬಂದುಬಿಡುತ್ತದೆ. ಅಕಾದೆಮಿಯಾ ಚಿತ್ರಶಾಲೆಗೂ ರಿಯಾಲ್ತೊ ಮಾರ್ಕೆಟ್ಟಿಗೂ ಹಾಗೇ, ಸ್ಟಾಪಿನ ಪಕ್ಕದಲ್ಲೇ. ನಾವು ಹೋಗಿದ್ದು ನವೆಂಬರಿನಲ್ಲಿ. ಅಕ್ಟೋಬರ್ ಕೊನೆಯ ಮ್ಯಾರಥಾನ್‌ಗೆ ಅಂತ ನೀರಂಚಿನ ಸೇತುವೆಗಳ ಮೇಲೆ ಹಾಕಿದ ಇಳಿಜಾರು ಹಲಗೆಗಳನ್ನು ಇನ್ನೂ ತೆಗೆದಿರಲಿಲ್ಲ. ಅಮ್ಮ ಆ ದಾರಿಯಲ್ಲಿ ಆರಾಮಾಗಿ ನಡೆದರು. ಮಂಡಿ ನೋವಿದ್ದರೆ ಆ ತಿಂಗಳು ಚಳಿಯಾದರೂ ಒಳ್ಳೆಯದು ಅಂತ ನಾನು ಹೇಳುತ್ತೇನೆ.

ಹಾಗಂತ ಸೇತುವೆಯನ್ನೇ ಹತ್ತಲಿಲ್ಲ ಅಂತಲ್ಲ. ಕಾ ರೆಜ್ಜೊನಿಕೊ ಸ್ಟಾಪಿನಲ್ಲಿ ಇಳಿದು ಸಾನ್ ಬರ್ನಾಬಾ ಕಡೆ ಹೋದರೆ ಮುಷ್ಟಿಗಳ ಸೇತುವೆ ಇದೆ. ಹಿಂದೆ ಊರಿನ ಎರಡು ಬಣದವರು ಅದರ ಮೇಲೆ ಗುದ್ದಾಡುತ್ತಿದ್ದರು, 1705ರಲ್ಲಿ ಅದನ್ನು ನಿಲ್ಲಿಸಿದರು. ತುದಿಯಲ್ಲಿ ಕಾಲಿಡುವ ಜಾಗ ತೋರಿಸುವ ಬಿಳಿ ಕಲ್ಲಿನ ಪಾದಗಳಿವೆ. ಅಮ್ಮ ನಿಧಾನಕ್ಕೆ ಹತ್ತಿ ಒಂದರ ಮೇಲೆ ಕಾಲಿಟ್ಟು ನಿಂತರು. ಕೆಳಗೆ ಕಾಲುವೆಯಲ್ಲಿ ತರಕಾರಿ ದೋಣಿ. ಅಂಗಡಿಯವರು ದೋಣಿಯಲ್ಲೇ ನಿಂತು ತೂಗಿ ಕೊಡುತ್ತಿದ್ದರು. "ಬದನೆಕಾಯಿ ಎಷ್ಟು ಚೆನ್ನಾಗಿದೆ ನೋಡೋ" ಅಂದರು ಅಮ್ಮ, ನೋವಿನ ಮಾತೇ ಬರಲಿಲ್ಲ.

ವಿಳಾಸದ ವಿಷಯ. ಅಲ್ಲಿ ಮನೆ ನಂಬರ್ ಬೀದಿಯ ಲೆಕ್ಕದಲ್ಲಿ ಇರುವುದಿಲ್ಲ, ಇಡೀ ಭಾಗಕ್ಕೆ ಒಂದೇ ಸಾಲು. ಇಂಥ ಭಾಗ ಆರು. ಅವುಗಳಲ್ಲಿ ಒಂದಾದ ಕಾಸ್ತೆಲ್ಲೊದಲ್ಲಿ ನಂಬರ್ 6000 ದಾಟುತ್ತದೆ. ನಂಬರ್ ಒಂದೇ ಹಿಡಿದು ಹೋದರೆ ಸುಮ್ನೆ ಅಲೆದಾಟ. ಗಲ್ಲಿಯ ಹೆಸರು ಮತ್ತು ಹತ್ತಿರದ ದೋಣಿ ಸ್ಟಾಪ್ ಕೇಳಿಟ್ಟುಕೊಳ್ಳಿ. ಇಕ್ಕಟ್ಟು ಗಲ್ಲಿಗಳಲ್ಲಿ ಫೋನಿನ ಚುಕ್ಕೆ ಅತ್ತಿತ್ತ ಜಿಗಿಯುತ್ತದೆ, ಗೋಡೆಯ ಮೇಲಿನ ಹಳದಿ ಬೋರ್ಡುಗಳೇ ವಾಸಿ. ಸೇತುವೆ ಮೆಟ್ಟಿಲ ಮೇಲೆ ಕೂರಬಾರದು, ದಂಡ ಹಾಕುತ್ತಾರೆ. ಸುಸ್ತಾದರೆ ಸಾಂತಾ ಮಾರ್ಗರೀತಾದಂಥ ಬಯಲುಗಳಲ್ಲಿ ಬೆಂಚುಗಳಿವೆ.

ಒಂದು ದಿನ ಲಗೂನಿನ ದಕ್ಷಿಣ ತುದಿಯ ಕ್ಯೋಜಾ ಊರಿಗೆ ಇಟ್ಟುಕೊಂಡಿದ್ದೆ. 1420ರ ಸುಮಾರಿಗೆ ನಮ್ಮ ವಿಜಯನಗರಕ್ಕೆ ಬಂದಿದ್ದ ಪ್ರವಾಸಿ ನಿಕೊಲೊ ಕೊಂತಿ ಆ ಊರಿನವನು, ಹಂಪಿ ನೋಡಿದವರಿಗೆ ಅಷ್ಟು ಸಾಕಲ್ವಾ? ಲೀಡೊ ದ್ವೀಪದಿಂದ 11ನೇ ನಂಬರ್ ಹಿಡಿಯಬೇಕು. ಸ್ವಲ್ಪ ದೂರ ಬಸ್ಸು, ಆಮೇಲೆ ಬಸ್ಸಿನ ಸಮೇತ ದೊಡ್ಡ ದೋಣಿ, ಮತ್ತೆ ರಸ್ತೆ, ಕೊನೆಗೆ ಇನ್ನೊಂದು ದೋಣಿ. ಇಳಿದ ಚೌಕದಿಂದಲೇ ಊರಿನ ದೊಡ್ಡ ಬೀದಿ ಶುರುವಾಗುತ್ತದೆ, ಅಗಲವಾಗಿ, ಮೆಟ್ಟಿಲೇ ಇಲ್ಲದೆ. ಅಮ್ಮ ನನಗಿಂತ ಮುಂದೆ ಹೋಗುತ್ತಿದ್ದರು.