ಜೆ.ಜೆ. ಕಲಾಶಾಲೆಯ ಚರಿತ್ರೆಯನ್ನು ನಡೆದೇ ನೋಡುವುದು ಹೇಗೆ?

ಊರಿಂದ ಮುಂಬೈಗೆ ಬರುವ ನೆಂಟರ ಜೊತೆ ಚಿತ್ರ ಬರೆಯುವ ಮಕ್ಕಳಿದ್ದರೆ, ನಾನು ಅವರನ್ನು ಗೇಟ್‌ವೇಗಿಂತ ಮೊದಲು ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸುತ್ತಮುತ್ತ ಕರೆದುಕೊಂಡು ಹೋಗುತ್ತೇನೆ. ಈ ಕಾಲೇಜಿನ ಹಳೇ ಮೇಷ್ಟ್ರುಗಳು, ಹುಡುಗರು ಮಾಡಿದ ಕೆಲಸ ಇವತ್ತಿಗೂ ರಸ್ತೆಬದಿಯ ಗೋಡೆಗಳ ಮೇಲಿದೆ. ಹಾಗಾಗಿ ಹೊರಗಿನಿಂದಲೇ ಶುರು ಮಾಡಿ.

ವಾರದ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲ್ವೆ ಸ್ಟೇಷನ್ನಿನಲ್ಲಿ ಇಳಿಯಿರಿ. ಭಾನುವಾರ ಬೇಡ, ಕಾಲೇಜಿಗೆ ರಜೆ. ಒಂದು ಸ್ಕೆಚ್ ಬುಕ್, ಪೆನ್ಸಿಲ್ ಇರಲಿ. ಚಿಕ್ಕ ದುರ್ಬೀನು ಸಿಕ್ಕರೆ ಇನ್ನೂ ಒಳ್ಳೆಯದು, ನೋಡಬೇಕಾದದ್ದೆಲ್ಲ ಎತ್ತರದಲ್ಲಿದೆ.

ಮೊದಲು ಕ್ರಾಫರ್ಡ್ ಮಾರ್ಕೆಟ್‌ಗೆ ನಡೆಯಿರಿ, ಹತ್ತು ನಿಮಿಷದ ದಾರಿ. ಬಾಗಿಲ ಮೇಲೆ ಹೊಲದಲ್ಲಿ ದುಡಿಯುವ ರೈತರ ಉಬ್ಬುಶಿಲ್ಪ ಇದೆ. ಹಣ್ಣು ಕೊಳ್ಳಲು ನುಗ್ಗುವವರು ಯಾರೂ ತಲೆ ಎತ್ತುವುದಿಲ್ಲ. ಇದನ್ನು ಮಾಡಿದವರು ಲಾಕ್‌ವುಡ್ ಕಿಪ್ಲಿಂಗ್. 1865ರಲ್ಲಿ ಜೆ.ಜೆ.ಗೆ ಶಿಲ್ಪದ ಮೇಷ್ಟ್ರಾಗಿ ಬಂದವರು. ಮಕ್ಕಳಿಗೆ ಇಲ್ಲೇ ಕತೆ ಹೇಳಿ: ಜಮ್ಶೆಟ್ಜಿ ಜೀಜೀಭಾಯ್ ಎಂಬ ಪಾರ್ಸಿ ವ್ಯಾಪಾರಿ ಒಂದು ಲಕ್ಷ ರೂಪಾಯಿ ಕೊಟ್ಟರು, ಆ ದುಡ್ಡಿನಿಂದ 1857ರಲ್ಲಿ ಎಲ್ಫಿನ್‌ಸ್ಟನ್ ಇನ್‌ಸ್ಟಿಟ್ಯೂಷನ್‌ನಲ್ಲಿ ಒಂದು ಡ್ರಾಯಿಂಗ್ ಕ್ಲಾಸ್ ಶುರುವಾಯಿತು. ಅಷ್ಟೇ, ಒಂದು ಕ್ಲಾಸ್!

ಕಾಲೇಜು ಮಾರ್ಕೆಟ್‌ನಿಂದ ಕೂಗಳತೆ ದೂರ. ಗೇಟಿನಲ್ಲಿ ಅನುಮತಿ ಕೇಳಿ. ವಿದ್ಯಾರ್ಥಿಗಳ ವಾರ್ಷಿಕ ಪ್ರದರ್ಶನದ ಸಮಯದಲ್ಲಿ ಬಂದರೆ ಸುಲಭ. ಈಗಿನ ಮುಖ್ಯ ಕಟ್ಟಡಕ್ಕೆ ಶಾಲೆ ಬಂದದ್ದು 1878ರಲ್ಲಿ. ಲಾಕ್‌ವುಡ್ ಅವರ ಮಗ, ‘ಜಂಗಲ್ ಬುಕ್’ ಬರೆದ ರಡ್ಯಾರ್ಡ್ ಕಿಪ್ಲಿಂಗ್ ಹುಟ್ಟಿದ್ದು ಈ ಆವರಣದಲ್ಲೇ. ಆದರೆ ಎಲ್ಲರೂ ಫೋಟೋ ತೆಗೆಯುವ ಹಸಿರು ಬಂಗಲೆ ಅವರು ಹುಟ್ಟಿದ ಮನೆ ಅಲ್ಲ, ಅದು ಆಮೇಲೆ ಕಟ್ಟಿದ್ದು. ಬಂಗಲೆ ಮುಂದೆ ಜಾಸ್ತಿ ಹೊತ್ತು ಕಳೆಯಬೇಡಿ.

ಅದಕ್ಕಿಂತ ಜಾನ್ ಗ್ರಿಫಿತ್ಸ್ ಕತೆ ಹೇಳಿ. 1872ರಿಂದ 1885ರವರೆಗೆ ಈ ಮೇಷ್ಟ್ರು ಇಲ್ಲಿನ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಜಂತಾ ಗುಹೆಗಳ ಚಿತ್ರಗಳನ್ನು ನಕಲು ಮಾಡಿಸಿದರು. ಮಂದ ಬೆಳಕಿನ ಗುಹೆಯಲ್ಲಿ ನಿಂತು ಒಂದೊಂದು ಗೆರೆ ಎತ್ತಿದ ಆ ಚಿತ್ರಗಳನ್ನು ಲಂಡನ್ನಿಗೆ ಕಳಿಸಿದರು. 1885ರಲ್ಲಿ ಅಲ್ಲಿ ಬೆಂಕಿ ಬಿದ್ದು ಬಹಳಷ್ಟು ಸುಟ್ಟುಹೋದವು. ಇದನ್ನು ಹೇಳುವಾಗ ಪ್ರತಿ ಸಲವೂ ನನಗೆ ಹೊಟ್ಟೆ ಉರಿಯುತ್ತದೆ. ಯುರೋಪಿನ ರೀತಿ ಕಲಿಸಲೆಂದು ತೆರೆದ ಶಾಲೆಯ ಹುಡುಗರು ಅಜಂತಾ ಗೆರೆಯನ್ನು ಕೈಯಾರೆ ಕಲಿತದ್ದು ಹೀಗೆ.

ಐದು ಗಂಟೆಯೊಳಗೆ ಸ್ಟೇಷನ್‌ಗೆ ವಾಪಸ್ ಬನ್ನಿ. ಆಮೇಲೆ ಲೋಕಲ್ ಹಿಡಿಯುವವರ ನೂಕುನುಗ್ಗಲು. ಪಶ್ಚಿಮಕ್ಕೆ ಮುಖ ಮಾಡಿದ ಕಟ್ಟಡ, ಸಂಜೆ ಬಿಸಿಲು ಓರೆಯಾಗಿ ಬಿದ್ದು ಕೆತ್ತನೆ ಎದ್ದು ಕಾಣುತ್ತದೆ. ನಕ್ಷೆ ಎಫ್.ಡಬ್ಲ್ಯೂ. ಸ್ಟೀವನ್ಸ್ ಅವರದು, ಅಲಂಕಾರದಲ್ಲಿ ಜೆ.ಜೆ. ವಿದ್ಯಾರ್ಥಿಗಳ ಪಾಲು ದೊಡ್ಡದು. ಇಡೀ ಕಟ್ಟಡ ನೋಡುತ್ತೇನೆ ಅಂದರೆ ಏನೂ ಕಾಣುವುದಿಲ್ಲ. ಒಂದೇ ಒಂದು ಕಂಬದ ಬೋದಿಗೆ, ಅಂದರೆ ಕಂಬದ ನೆತ್ತಿಯ ಕೆತ್ತನೆ, ಆರಿಸಿಕೊಳ್ಳಿ. ಎಲೆ ಎಲ್ಲಿ ಮಡಚಿದೆ, ತುದಿ ಎಲ್ಲಿ ಸುರುಳಿಯಾಗಿದೆ, ಅದರ ನಡುವೆ ಹಕ್ಕಿಯೋ ಕೋತಿಯೋ ಇಣುಕುತ್ತಿದೆಯಾ ನೋಡಿ. ಮಕ್ಕಳಿಗೆ ಅದನ್ನೇ ಬರೆಯಲು ಹೇಳಿ. ಬರೆಯುತ್ತ ಬರೆಯುತ್ತ ಗೊತ್ತಾಗುತ್ತದೆ, ಆ ಹುಡುಗರು ಎಷ್ಟು ಗಮನವಿಟ್ಟು ನೋಡಿದ್ದರು ಅಂತ. ಜನರ ಬಾಯಲ್ಲಿ ಉಳಿದದ್ದು ಮೇಷ್ಟ್ರುಗಳ ಹೆಸರು ಮಾತ್ರ. ಅದಕ್ಕೇ ನಾನು ಈ ಕಂಬಗಳ ಮುಂದೆ ಇಷ್ಟು ಹೊತ್ತು ನಿಲ್ಲಿಸುವುದು.

ಚಹಾ ಕುಡಿಯುವಾಗ ನಮ್ಮವರ ಕತೆ ಹೇಳಿ. ಉಡುಪಿ ಹತ್ತಿರದ ಕಟ್ಟಿಂಗೇರಿಯ ಚಿತ್ರಕಲಾವಿದ ಕೆ.ಕೆ. ಹೆಬ್ಬಾರ್ 1938ರಲ್ಲಿ ಜೆ.ಜೆ.ಯಿಂದ ಡಿಪ್ಲೊಮಾ ಪಡೆದರು, ಮುಂದೆ ಅಲ್ಲೇ ಕಲಿಸಿದರು. ಶಾಲೆ ಕಲಿಸಿದ ಪಾಶ್ಚಾತ್ಯ ರೀತಿಯಷ್ಟೇ ಅವರಿಗೆ ಸಾಲಲಿಲ್ಲ, ಅಜಂತಾ ಕಡೆಗೆ, ಜೈನ ಹಸ್ತಪ್ರತಿಗಳ ಚಿತ್ರಗಳ ಕಡೆಗೆ ತಿರುಗಿದರು. ಅದೇ ಶಾಲೆ 1945ರಲ್ಲಿ ಆಗ ಅಲ್ಲಿ ಓದುತ್ತಿದ್ದ ಚಿತ್ರಕಲಾವಿದ ಎಫ್.ಎನ್. ಸೋಜಾ ಅವರನ್ನು ಹೊರಹಾಕಿತು. ಎರಡೇ ವರ್ಷದಲ್ಲಿ ಸೋಜಾ ಗೆಳೆಯರ ಜೊತೆ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಎಂಬ ಆಧುನಿಕ ಕಲಾವಿದರ ಗುಂಪು ಕಟ್ಟಿದರು. ಇಬ್ಬರನ್ನೂ ಸೇರಿಸಿ ಹೇಳಿದರೇ ಶಾಲೆಯ ಕತೆ ಪೂರ್ತಿ, ಅಲ್ವಾ?

ರಜೆ ಮುಗಿಸಿ ಊರಿಗೆ ಹೋದಮೇಲೆ ಮಕ್ಕಳನ್ನು ಮಣಿಪಾಲದ ಹೆಬ್ಬಾರ್ ಗ್ಯಾಲರಿಗೂ ಕರೆದುಕೊಂಡು ಹೋಗಿ. ಸ್ಟೇಷನ್ನಿನಲ್ಲಿ ಬರೆದ ಸ್ಕೆಚ್ ಬುಕ್ ಜೊತೆಗಿರಲಿ, ಇನ್ನೂ ಹಾಳೆ ಉಳಿದಿರುತ್ತವೆ.