ಮೊಂಬಾಸಾದಲ್ಲಿ ಹಡಗು ನಿಂತ ದಿನ: ಆರೂವರೆ ಗಂಟೆಯ ಲೆಕ್ಕ

ಹಡಗು ಬೆಳಿಗ್ಗೆ ಏಳಕ್ಕೆ ಬಂದು ಸಂಜೆ ಐದಕ್ಕೆ ಹೊರಡುತ್ತದೆ ಎಂದು ಕಾರ್ಯಕ್ರಮ ಪಟ್ಟಿಯಲ್ಲಿದ್ದರೆ ನಿಮ್ಮ ಕೈಗೆ ಸಿಗುವುದು ಹತ್ತು ಗಂಟೆಯಲ್ಲ. ಕೀನ್ಯಾದ ಅಧಿಕಾರಿಗಳು ಕಾಗದಪತ್ರ ನೋಡಿ, ಗುಂಪು ಗುಂಪಾಗಿ ಜನ ಇಳಿಯುವಷ್ಟರಲ್ಲಿ ಎಂಟೂವರೆ. ಹಡಗು ಹತ್ತಲು ಕೊನೆಯ ಗಡುವು ಹೊರಡುವುದಕ್ಕಿಂತ ಅರ್ಧದಿಂದ ಒಂದು ಗಂಟೆ ಮೊದಲೇ ಇರುತ್ತದೆ. ಆ ಗಡುವಿಗೂ ಒಂದು ಗಂಟೆ ಮುಂಚೆ ಬಂದರಿನ ಗೇಟಿನಲ್ಲಿರಬೇಕು. ಉಳಿದದ್ದು ಸುಮಾರು ಆರೂವರೆ ಗಂಟೆ. ಇಷ್ಟರಲ್ಲಿ ಮೊಂಬಾಸಾ ದ್ವೀಪದ ಪೂರ್ವ ಅಂಚನ್ನು, ಅಂದರೆ ಕೋಟೆ, ಹಳೇ ಪೇಟೆ ಮತ್ತು ಮಾರುಕಟ್ಟೆಯನ್ನು ಚೆನ್ನಾಗಿ ನೋಡಬಹುದು. ದ್ವೀಪ ಬಿಟ್ಟು ಹೊರಟರೆ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದೆ.

ಮೊದಲು ಕಾಗದಪತ್ರ. 2024ರ ಜನವರಿಯಿಂದ ಭಾರತದ ಪಾಸ್‌ಪೋರ್ಟಿನವರಿಗೆ ವೀಸಾ ಬದಲು ಇ-ಟಿಎ ಎಂಬ ಆನ್‌ಲೈನ್ ಅನುಮತಿ ಬೇಕು. ಒಂದು ದಿನ ಇಳಿದು ಹತ್ತುವ ಹಡಗಿನ ಪ್ರಯಾಣಿಕರಿಗೆ ಇದು ಹೇಗೆ ಅನ್ವಯಿಸುತ್ತದೆ ಎಂಬುದನ್ನು ಟಿಕೆಟ್ ಕೊಟ್ಟ ಕಂಪನಿಯಿಂದ ಇಮೇಲ್‌ನಲ್ಲೇ ಬರೆಸಿಕೊಳ್ಳಿ. ಬಾಯಿಮಾತಿನ "ನಾವು ನೋಡಿಕೊಳ್ತೇವೆ" ದಕ್ಕೆಯ ಮೇಲೆ ಕೆಲಸಕ್ಕೆ ಬರುವುದಿಲ್ಲ. ಎರಡನೆಯದು ಹಳದಿ ಜ್ವರದ ಲಸಿಕೆ. ಭಾರತದಿಂದ ಹೋಗುವಾಗ ಇದನ್ನು ಯಾರೂ ಕೇಳದಿರಬಹುದು, ಆದರೆ ತೊಂದರೆ ಬರುವುದು ವಾಪಸಾಗುವಾಗ. ಕೀನ್ಯಾ ಬಿಟ್ಟ ಆರು ದಿನದೊಳಗೆ ಭಾರತದಲ್ಲಿ ಇಳಿದವರ ಬಳಿ ಪ್ರಮಾಣಪತ್ರ ಇಲ್ಲದಿದ್ದರೆ ಕ್ವಾರಂಟೈನ್‌ಗೆ ಕಳಿಸುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗೆ ಇದೆ. ಮುಂದಿನ ನಿಲುಗಡೆ ಜಾಂಜಿಬಾರ್ ಆದರೆ ಅಲ್ಲೂ ಕೇಳುತ್ತಾರೆ. ಲಸಿಕೆ ಹಾಕಿಸಿದ ಹತ್ತು ದಿನದ ನಂತರವಷ್ಟೇ ಪ್ರಮಾಣಪತ್ರ ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಅಲ್ಲಿ ದಿನ ಕಾಯಬೇಕಾಗಬಹುದು. ಹಾಗಾಗಿ ಒಂದು ತಿಂಗಳ ಮೊದಲೇ ವಿಚಾರಿಸಿ. ಮೊಂಬಾಸಾದಲ್ಲಿ ಮಲೇರಿಯಾ ಕೂಡ ಇದೆ. ಮಾತ್ರೆ ಬೇಕೋ ಬೇಡವೋ ವೈದ್ಯರನ್ನು ಕೇಳಿ, ಸೊಳ್ಳೆ ಮುಲಾಮನ್ನಂತೂ ಹಚ್ಚಿಕೊಳ್ಳಿ.

ಇಳಿಯುವ ಚೀಲದಲ್ಲಿ ಹಡಗಿನ ಕಾರ್ಡು, ಪಾಸ್‌ಪೋರ್ಟ್ ಅಥವಾ ಅದರ ಪ್ರತಿ (ಯಾವುದೆಂದು ಹಡಗಿನವರು ಹಿಂದಿನ ರಾತ್ರಿ ಹೇಳುತ್ತಾರೆ), ಟೋಪಿ, ಒಂದು ಲೀಟರ್ ನೀರು, ಹೆಗಲು ಮತ್ತು ಮೊಣಕಾಲು ಮುಚ್ಚುವ ಹತ್ತಿಬಟ್ಟೆ ಇರಲಿ. ಹಡಗಿನ ದಿನಪತ್ರಿಕೆಯಲ್ಲಿ ಬಂದರು ಏಜೆಂಟರ ಫೋನ್ ನಂಬರ್ ಅಚ್ಚಾಗಿರುತ್ತದೆ. ಅದರ ಫೋಟೊ ತೆಗೆದುಕೊಳ್ಳಿ. ಹಡಗು ತಪ್ಪಿದರೆ ಮೊದಲು ಫೋನ್ ಮಾಡಬೇಕಾದದ್ದು ಅವರಿಗೆ. ಪ್ಲಾಸ್ಟಿಕ್ ಕೈಚೀಲವನ್ನು ಕ್ಯಾಬಿನ್‌ನಲ್ಲೇ ಬಿಡಿ. 2017ರ ಆಗಸ್ಟ್‌ನಿಂದ ಕೀನ್ಯಾದಲ್ಲಿ ಅದು ನಿಷಿದ್ಧ, ದಂಡವೂ ಭಾರಿ.

ಇನ್ನು ಗಡಿಯಾರ. ಕೀನ್ಯಾದ ಸಮಯ ನಮಗಿಂತ ಎರಡೂವರೆ ಗಂಟೆ ಹಿಂದೆ. ಹಡಗು ತನ್ನದೇ ಸಮಯ ಇಟ್ಟುಕೊಂಡಿರಬಹುದು, ಫೋನು ಮಾತ್ರ ದಡದ ಸಿಗ್ನಲ್ ಸಿಕ್ಕ ಕೂಡಲೇ ಬದಲಾಗುತ್ತದೆ. ಕೈಗಡಿಯಾರವನ್ನು ಹಡಗಿನ ಸಮಯಕ್ಕೇ ಇಡಿ. ಇದಕ್ಕಿಂತ ದೊಡ್ಡ ಗೊಂದಲ ಅಲ್ಲಿನ ಭಾಷೆ ಸ್ವಾಹಿಲಿಯಲ್ಲಿ ಗಂಟೆ ಎಣಿಸುವ ರೀತಿಯದು. ನಮ್ಮ ಪಂಚಾಂಗದ ಘಳಿಗೆಯ ಹಾಗೆ ಅವರ ಗಂಟೆಯೂ ಸೂರ್ಯೋದಯದಿಂದ ಶುರು. ಬೆಳಿಗ್ಗೆ ಏಳು ಅವರಿಗೆ "ಸಾ ಮೋಜಾ", ಅಂದರೆ ಒಂದು ಗಂಟೆ. ಮಧ್ಯಾಹ್ನ ಎರಡು "ಸಾ ನಾನೆ", ಅಂದರೆ ಎಂಟು. "ಎರಡು ಗಂಟೆಗೆ ಇಲ್ಲೇ ಬಾ" ಎಂದು ಅರೆಬರೆ ಸ್ವಾಹಿಲಿಯಲ್ಲಿ ಆಟೊದವನಿಗೆ ಹೇಳಿದರೆ ಅವನ ಲೆಕ್ಕದಲ್ಲಿ ಅದು ಬೆಳಿಗ್ಗೆ ಎಂಟು. ಸಮಯವನ್ನು ಇಂಗ್ಲಿಷಿನಲ್ಲೇ ಹೇಳಿ, ಫೋನಿನಲ್ಲಿ 2:00 ಎಂದು ಬರೆದು ತೋರಿಸಿ.

ಹಡಗು ನಿಲ್ಲುವ ಕಿಲಿಂಡಿನಿ ಬಂದರು ದ್ವೀಪದ ಪಶ್ಚಿಮಕ್ಕಿದೆ, ಹಳೇ ಪೇಟೆ ಪೂರ್ವಕ್ಕಿದೆ. ನಡುವೆ ಸುಮಾರು ನಾಲ್ಕು ಕಿಲೋಮೀಟರ್. ಬಿಸಿಲಲ್ಲಿ ನಡೆಯುವ ದಾರಿಯಲ್ಲ. ಗೇಟಿನ ಹೊರಗೆ ಸಿಗುವ ಟುಕ್‌ಟುಕ್ ನಮ್ಮ ಆಟೊವೇ, ಬಹಳಷ್ಟು ಬಜಾಜ್‌ನವೇ, ಆದರೆ ಮೀಟರ್ ಇಲ್ಲ. ಉಬರ್, ಬೋಲ್ಟ್ ಎರಡೂ ಇವೆ. ಆ್ಯಪಿನಲ್ಲಿ ದರ ನೋಡಿಕೊಂಡು ಚೌಕಾಸಿಗೆ ಇಳಿದರೆ ಮಾತು ಬೇಗ ಮುಗಿಯುತ್ತದೆ. ದರ ಇಡೀ ಗಾಡಿಗೋ ತಲೆಗೋ ಎಂದು ಹತ್ತುವ ಮೊದಲೇ ಕೇಳಿ. ಇಳಿಯುವಾಗ ಜಗಳ ಆಗುವುದು ಹೆಚ್ಚಾಗಿ ಅದಕ್ಕೇ. ಹಣದ ಲೆಕ್ಕ ಸುಲಭ: ಮೂರು ಶಿಲ್ಲಿಂಗ್ ಎಂದರೆ ಹತ್ತಿರ ಹತ್ತಿರ ಎರಡು ರೂಪಾಯಿ. ನೂರು, ಇನ್ನೂರರ ನೋಟು ಇಟ್ಟುಕೊಳ್ಳಿ. ಸಾವಿರದ ನೋಟಿಗೆ ಚಿಲ್ಲರೆ ಇಲ್ಲ ಎನ್ನುವುದು ಅಲ್ಲೂ ಹಳೆಯ ಆಟ. ಹರಿದ ಅಥವಾ ಬಹಳ ಹಳೆಯ ಡಾಲರ್ ನೋಟನ್ನು ಯಾರೂ ಮುಟ್ಟುವುದಿಲ್ಲ.

ದಾರಿಯಲ್ಲಿ ಮೋಯಿ ಅವೆನ್ಯೂ ಮೇಲೆ ಆನೆದಂತದ ಆಕಾರದ ಲೋಹದ ದೊಡ್ಡ ಕಮಾನುಗಳು ಬರುತ್ತವೆ. ಆಟೊದಿಂದಲೇ ನೋಡಿದರೆ ಸಾಕು.

ನೇರ ಫೋರ್ಟ್ ಜೀಸಸ್‌ಗೆ ಹೋಗಿ. ಪೋರ್ಚುಗೀಸರು 1593ರಿಂದ 1596ರ ನಡುವೆ ಕಟ್ಟಿಸಿದ ಕೋಟೆ, 2011ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಟಿಕೆಟ್ ಸರ್ಕಾರದ ಆನ್‌ಲೈನ್ ಪಾವತಿ ವ್ಯವಸ್ಥೆಯ ಮೂಲಕ. ನಗದು ನಡೆಯುವುದಿಲ್ಲ ಎಂದುಕೊಂಡೇ ಹೋಗಿ, ವಿದೇಶದಲ್ಲಿ ಚಲಾಯಿಸಲು ಅನುಮತಿ ಹಾಕಿಸಿದ ಕಾರ್ಡ್ ಜೊತೆಗಿರಲಿ. ಒಳಗೆ ಮೊದಲು ಗೋಡೆಯ ಮೇಲೆ ಹತ್ತಿ, ಯಾಕೆಂದರೆ ಹತ್ತು ಗಂಟೆಯ ನಂತರ ಹವಳಗಲ್ಲಿನಿಂದ ಏಳುವ ಝಳ ಕಣ್ಣು ಬಿಡಲು ಕೊಡುವುದಿಲ್ಲ. ಆಮೇಲೆ ನೆರಳಿನ ಭಾಗಗಳು. ಅಂದಿನ ಪೋರ್ಚುಗೀಸರು ಗೋಡೆಯ ಮೇಲೆ ಇದ್ದಿಲು ಮತ್ತು ಕೆಮ್ಮಣ್ಣಿನಲ್ಲಿ ಗೀಚಿದ ಚಿತ್ರಗಳನ್ನು ತಪ್ಪಿಸಬೇಡಿ. ಹಡಗು, ಇಗರ್ಜಿ, ಮೀನು ಎಲ್ಲ ಇವೆ, ಬೇಸರದಲ್ಲಿ ಕೂತವರು ಬರೆದ ಹಾಗೆ. ಮ್ಯೂಸಿಯಂನಲ್ಲಿ ಸಾಂತೊ ಅಂತೋನಿಯೊ ದೆ ತಾನಾ ಎಂಬ ಹಡಗಿನಿಂದ ಎತ್ತಿದ ಸಾಮಾನುಗಳನ್ನು ಹುಡುಕಿ. ಒಮಾನಿಗಳು 1696ರಲ್ಲಿ ಕೋಟೆಗೆ ಮುತ್ತಿಗೆ ಹಾಕಿದಾಗ ಗೋವಾದಿಂದ ಸಹಾಯಕ್ಕೆ ಬಂದು, 1697ರಲ್ಲಿ ಕೋಟೆಯೆದುರೇ ಮುಳುಗಿದ ಹಡಗು ಅದು. ಮರುವರ್ಷ ಡಿಸೆಂಬರಿನಲ್ಲಿ ಕೋಟೆಯೂ ಬಿತ್ತು. ಎಲ್ಲಕ್ಕೂ ಒಂದೂವರೆ ಗಂಟೆ ಸಾಕು.

ಬಾಗಿಲಲ್ಲೇ ಗೈಡುಗಳು ಸುತ್ತುವರಿಯುತ್ತಾರೆ. ಬೇಕಾದರೆ ಗುರುತಿನ ಚೀಟಿ ಇರುವವರನ್ನು ಆರಿಸಿ, ಕೋಟೆಗೆ ಎಷ್ಟು, ಹಳೇ ಪೇಟೆಗೆ ಎಷ್ಟು ಎಂದು ಎರಡನ್ನೂ ಮೊದಲೇ ಮಾತಾಡಿ. ಬೇಡವಾದರೆ "ಹಪಾನಾ, ಅಸಾಂತೆ" (ಬೇಡ, ಧನ್ಯವಾದ) ಎಂದು ಹೇಳಿ ನಿಲ್ಲದೆ ನಡೆಯಿರಿ. "ನಿನ್ನೆ ನಿಮ್ಮ ಹಡಗಿನಲ್ಲೇ ಊಟ ಬಡಿಸಿದೆನಲ್ಲ, ಮರೆತಿರಾ?" ಎನ್ನುವವರನ್ನು ಖಂಡಿತ ನಂಬಬೇಡಿ.

ಕೋಟೆಯಿಂದ ಎನ್ಡಿಯಾ ಕೂ ಎಂಬ ಬೀದಿ ಹಿಡಿದರೆ ಹಳೇ ಪೇಟೆ. ಕೆತ್ತನೆಯ ಬಾಗಿಲು, ಮರದ ಬಾಲ್ಕನಿ. ಎರಡು ಕೈ ಚಾಚಿದರೆ ಗೋಡೆ ಮುಟ್ಟುವಂಥ ಗಲ್ಲಿಗಳೂ ಇವೆ. ಜನ ಮುಸ್ಲಿಮರು, ಸಂಪ್ರದಾಯಸ್ಥರು: ಮೈಮುಚ್ಚುವ ಬಟ್ಟೆ ಇಲ್ಲಿಗೇ. ಹೆಂಗಸರ ಫೋಟೊ ಕೇಳದೆ ತೆಗೆಯಬೇಡಿ. ಪೊಲೀಸ್, ನೌಕಾಪಡೆ, ಬಂದರು, ಫೆರಿಯ ಫೋಟೊ ತೆಗೆಯಲೇಬೇಡಿ. ಹಿರಿಯರಿಗೆ ನಮಸ್ಕಾರವೆಂದು "ಜಾಂಬೊ" ಅನ್ನುವುದು ಪ್ರವಾಸಿಗರ ಮಾತು; "ಶಿಕಾಮೂ" ಅಂದರೆ ಮುಖ ಅರಳಿ "ಮರಹಬಾ" ಎನ್ನುತ್ತಾರೆ. ರಂಜಾನ್ ತಿಂಗಳಲ್ಲಿ ಹಗಲು ತಿಂಡಿ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೂ ಕೆಲವು ಮುಚ್ಚುತ್ತವೆ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ತೆಂಗಿನಹಾಲಿನಲ್ಲಿ ಬೆಂದ ತೊಗರಿಕಾಳಿಗೆ ಎಂಬಾಜಿ ಎನ್ನುತ್ತಾರೆ. ಜೊತೆಗೆ ಏಲಕ್ಕಿ ಹಾಕಿ ಕರಿದ ಮಹಮ್ರಿ, ಒಂಚೂರು ಸಿಹಿ, ಪೂರಿಯ ತಮ್ಮನಂತೆ. ಇದು ಬೆಳಗಿನ ತಿಂಡಿ, ತಡವಾದರೆ ಖಾಲಿ. ವಿಯಾಜಿ ಕರಾಯಿ ಎಂದರೆ ಅರಿಶಿನ ಬೆರೆಸಿದ ಹಿಟ್ಟಿನಲ್ಲಿ ಅದ್ದಿ ಕರಿದ ಆಲೂಗಡ್ಡೆ, ಹುಣಸೆ ಚಟ್ನಿಯ ಜೊತೆ. ಅದೇ ಬಾಣಲೆಯಲ್ಲಿ ಮೀನು ಕರಿದಿರಬಹುದು, ಕಟ್ಟುನಿಟ್ಟಿನವರು ಕೇಳಿಕೊಳ್ಳಿ. "ಸಿಲಿ ನ್ಯಾಮಾ ವಾಲಾ ಸಮಾಕಿ" ಎಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ ಎಂದು. ನಲ್ಲಿ ನೀರು ಕುಡಿಯಬೇಡಿ, ಐಸ್ ಬೇಡ. ಬಾಯಾರಿದರೆ "ಮಡಾಫು", ನಮ್ಮ ಎಳನೀರೇ, ಕಣ್ಣೆದುರೇ ಕೆತ್ತಿಸಿ.

ಕೊಳ್ಳುವುದಕ್ಕೆ ಬಿಯಾಶರಾ ಸ್ಟ್ರೀಟ್, ಅಲ್ಲಿ ಕೊಳ್ಳಬೇಕಾದದ್ದು ಕಾಂಗಾ. ಒಂದೂವರೆ ಮೀಟರ್ ಉದ್ದದ ಹತ್ತಿ ಬಟ್ಟೆ. ಸುತ್ತ ಅಂಚು, ನಡುವೆ ಚಿತ್ತಾರ, ಅದರ ಕೆಳಗೆ ಒಂದು ಸಾಲು ಸ್ವಾಹಿಲಿ ಬರಹ. ಮಾರುವುದು ಜೋಡಿಯಾಗಿ, ನಡುವೆ ಕತ್ತರಿಸದೆ. ಒಂದೇ ಬೇಕು ಎಂದರೆ ಅಂಗಡಿಯವರು ಮುಖ ಸಿಂಡರಿಸುತ್ತಾರೆ. ಆ ಸಾಲಿನ ಅರ್ಥ ಕೇಳಿಯೇ ಕೊಳ್ಳಿ. ಕೆಲವು ಹಾರೈಕೆ, ಕೆಲವು ನೆರೆಮನೆಯವಳಿಗೋ ಸವತಿಗೋ ಕೊಟ್ಟ ಚುಚ್ಚುಮಾತು. ಅತ್ತೆಗೆ ಉಡುಗೊರೆ ಕೊಡುವವರು ಎರಡು ಸಲ ಕೇಳಿ. ಹೊಸದರಲ್ಲಿ ಗಂಜಿ ಹಾಕಿದಂತೆ ಬಿರುಸಾಗಿರುತ್ತದೆ, ಮೊದಲ ಒಗೆತದಲ್ಲಿ ಬಣ್ಣ ಬಿಡುತ್ತದೆ, ಬೇರೆಯಾಗಿ ನೆನೆಹಾಕಿ. ಚಿಪ್ಪು, ಹವಳ, ದಂತ ಯಾರು ಕೊಟ್ಟರೂ ಬೇಡ. ದಂತ ಕೊಳ್ಳುವುದು ಅಪರಾಧ.

ಪ್ರಾಣಿ ನೋಡಬೇಕು ಎನ್ನುವವರಿಗೆ ತ್ಸಾವೊ ರಾಷ್ಟ್ರೀಯ ಉದ್ಯಾನ ಒಂದೇ ದಿನದಲ್ಲಿ ಆಗುತ್ತದೆ ಎಂದು ಗೇಟಿನಲ್ಲಿ ಹೇಳುವವರಿದ್ದಾರೆ. ನೈರೋಬಿ ಹೆದ್ದಾರಿಯಲ್ಲಿ ಬಂದರಿನ ಲಾರಿಗಳ ಸಾಲು ಸಿಕ್ಕಿಕೊಂಡರೆ ಹೋಗಲಿಕ್ಕೇ ಮೂರು ಗಂಟೆ ಮೇಲೆ. ಹೋಗಲೇಬೇಕಿದ್ದರೆ ಹಡಗಿನವರದೇ ಪ್ರವಾಸ ತೆಗೆದುಕೊಳ್ಳಿ, ಅದು ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಖಾಸಗಿ ಟ್ಯಾಕ್ಸಿಗೆ ಕಾಯುವುದಿಲ್ಲ. ಡಿಯಾನಿ ಕಡಲತೀರದ್ದೂ ಇದೇ ಕಥೆ: ನಕ್ಷೆಯಲ್ಲಿ ಮೂವತ್ತು ಕಿಲೋಮೀಟರ್, ನಡುವೆ ಲಿಕೋನಿ ಫೆರಿಯ ಸರದಿ. ಅರ್ಧ ದಿನದ ಆಯ್ಕೆ ಬೇಕಾದರೆ ನ್ಯಾಲಿ ಸೇತುವೆ ದಾಟಿ ಬಂಬುರಿಯ ಹಾಲರ್ ಪಾರ್ಕ್. ಸಿಮೆಂಟ್ ಕಂಪನಿಯ ಬೋಳು ಗಣಿಯಲ್ಲಿ ಗಾಳಿಮರ ನೆಟ್ಟು, ಉದುರಿದ ಎಲೆ ಕೊಳೆಯಲು ಸಹಸ್ರಪದಿಗಳನ್ನು ಬಿಟ್ಟು ಎಬ್ಬಿಸಿದ ಕಾಡು ಅದು. ಜಿರಾಫೆಗೆ ಕೈಯಾರೆ ತಿನ್ನಿಸಬಹುದು. ಆದರೆ ಆಗ ಹಳೇ ಪೇಟೆಯನ್ನು ಮೊಟಕು ಮಾಡಬೇಕು.

ಎರಡೂವರೆಗೆ ವಾಪಸ್ ಹೊರಡಿ. ಗೇಟಿನಲ್ಲಿ ಕಾರ್ಡು, ಚೀಲದ ತಪಾಸಣೆ, ಆಮೇಲೆ ಷಟಲ್ ಬಸ್ಸಿನ ಸರದಿ. ಕಂಟೇನರ್ ಲಾರಿಗಳ ನಡುವೆ ನಡೆದು ಹೋಗಲು ಬಿಡುವುದಿಲ್ಲ. ಉಳಿದ ಶಿಲ್ಲಿಂಗ್ ಹೊರಗೇ ಖರ್ಚು ಮಾಡಿ. ಪ್ರವಾಸದ ಕೊನೆಯ ರಾತ್ರಿ ದೊಡ್ಡ ಸೂಟ್‌ಕೇಸನ್ನು ಕ್ಯಾಬಿನ್ ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ಹಳದಿ ಜ್ವರದ ಪ್ರಮಾಣಪತ್ರವಾದ ಹಳದಿ ಕಾರ್ಡು ಅದರೊಳಗೆ ಹೋಗದಂತೆ ಪಾಸ್‌ಪೋರ್ಟಿಗೇ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಳ್ಳಿ.